ಬಿಟ್ಟಿ ಉಸಿರು

ಗಾಳಿಚೀಲ ಒತ್ತಿ ಒತ್ತಿ ಅಕ್ಕನ ಕೈ ಜೋಮು ಹಿಡಿದಿತ್ತು. ನಿಲ್ಲಿಸುವ ಹಾಗಿರಲಿಲ್ಲ. ಅಪ್ಪನ ಗಂಟಲಿನ ಕೊಳವೆಗೆ ಸಿಕ್ಕಿಸಿದ ಆ ರಬ್ಬರ್ ಚೀಲ ಒತ್ತಿದರೆ ಅಪ್ಪನ ಎದೆ ಏಳುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಆ ವಾರ್ಡಿನಲ್ಲಿ ಉಸಿರಾಟದ ಮಷಿನ್‌ಗಳೆಲ್ಲ ಭರ್ತಿ. “ಒಂದು ಖಾಲಿಯಾಗೋ ತನಕ ನೀವೇ ಒತ್ತಬೇಕು, ಮರೆತುಬಿಟ್ಟೀರಿ ಮತ್ತೆ” ಎಂದು ಹೇಳಿಕೊಟ್ಟ ನರ್ಸ್, ಇನ್ನೊಬ್ಬರ ಹಾಸಿಗೆಗೆ ಓಡಿದ್ದಳು.

“ಪ್ರೈವೇಟ್‌ನಲ್ಲೇ ಇಟ್ಟಿದ್ರೆ ಈ ಕರ್ಮ ಇರ್ತಿತ್ತೇನಕ್ಕಾ?” ತಮ್ಮ ಶುರುಮಾಡಿದ. “ಎಸಿ ರೂಮು, ಮಷಿನ್ನು. ನಿನ್ನೆವರೆಗೂ ಅಪ್ಪ ರಾಜನ ಹಾಗೆ ಮಲಗಿದ್ದ.”

“ಹೂಂ, ಮಹಾರಾಜ! ಅವನ ಸೈಕಲ್ ಅಂಗಡಿ ಹೋಯ್ತು, ನನ್ನ ಹೊಲಿಗೆ ಮಷಿನ್ ಹೋಯ್ತು, ನಿನ್ನ ಹೆಂಡತಿ ಮೈಮೇಲಿನ ಚಿನ್ನ ಹೋಯ್ತು. ಇನ್ನೇನು ಮಾರ್ತಿದ್ದೆ, ನನ್ನನ್ನಾ?”

“ನಿನ್ನನ್ನ ಯಾರು ತಗೋತಾರೆ ಬಿಡು.”

ಇಬ್ಬರಿಗೂ ನಗು ಬಂತು. ನಗುತ್ತಲೇ ತಮ್ಮ ಗಳಗಳನೆ ಅತ್ತುಬಿಟ್ಟ. “ಇಲ್ಲಾದ್ರೆ ಎಲ್ಲಾ ಬಿಟ್ಟಿ ಅಂತ ಕರ್ಕೊಂಡು ಬಂದ್ವಲ್ಲಕ್ಕಾ” ಎಂದ. ಅಕ್ಕ ಒತ್ತುತ್ತಲೇ ಇದ್ದಳು.

ಅವಳ ಕಣ್ಣು ಮಾತ್ರ ಮೂಲೆಯ ಹಾಸಿಗೆಯ ಮೇಲಿತ್ತು. ಅಲ್ಲೊಬ್ಬ ವಯಸ್ಸಾದ ತೋಟಗಾರ ಮಷಿನ್‌ನಲ್ಲಿ ಉಸಿರಾಡುತ್ತಿದ್ದ. ಅವನ ಹೆಂಡತಿ ಕಾಲು ನೀವುತ್ತ ಕೂತಿದ್ದಳು. ಬೆಳಿಗ್ಗೆ ಡಾಕ್ಟರುಗಳು ಅವನ ಸುತ್ತ ನಿಂತು ಏನೋ ಪಿಸುಗುಟ್ಟಿ ತಲೆಯಾಡಿಸಿ ಹೋಗಿದ್ದರು.

“ಡಾಕ್ಟ್ರು ಕೈಚೆಲ್ಲಿದಾರಂತೆ,” ತಮ್ಮ ಅವಳ ಕಿವಿಯಲ್ಲಿ ಹೇಳಿದ. “ಸಂಜೆ ದಾಟಲ್ವಂತೆ.”

“ಬಾಯಿ ಮುಚ್ಚೋ, ಪಾಪಿ!” ಎಂದಳು ಅಕ್ಕ. ಆದರೆ ಬೆಳಗಿನಿಂದ ಅವಳು ಕಾಯುತ್ತಿದ್ದದ್ದೂ ಆ ಮಾತಿಗೇ. ಯಾರಿಗೂ ಕೇಡು ಬಯಸದ ಹೆಂಗಸು ಅವಳು. ಈಗ ಒಬ್ಬ ಮನುಷ್ಯನ ಜೀವ ಯಾವಾಗ ಹೋದೀತೆಂದು ಕಣ್ಣಿಟ್ಟು ಕೂತಿದ್ದಳು. ಛೀ, ಎಂಥ ಜನ್ಮ ನನ್ನದು ಅನ್ನಿಸಿತು. ಬಿಟ್ಟಿಯಂತೆ, ಬಿಟ್ಟಿ! ಹಾಗೆಂದವರು ಇಲ್ಲೊಂದು ದಿನ ಕೂತು ನೋಡಬೇಕು.

ಮಧ್ಯಾಹ್ನ ಮೂಲೆಯ ಹಾಸಿಗೆಗೆ ಪರದೆ ಎಳೆದರು. ಒಂದು ಸಣ್ಣ ಅಳು ಕೇಳಿಸಿ ನಿಂತಿತು. ನರ್ಸಿನ ಹತ್ತಿರ ವಿಚಾರಿಸಲು ಹೋಗಿದ್ದ ತಮ್ಮ ಓಡಿಬಂದ. “ಅಕ್ಕಾ, ಸಿಕ್ತು! ಒರೆಸಿ, ಶುಚಿ ಮಾಡಿ ನಮಗೇ ಕೊಡ್ತಾರಂತೆ!”

ಅಕ್ಕನ ಮುಖ ಅರಳಿತು. ಅರಳಿದ ಮುಖ ಎತ್ತಿದರೆ ಎದುರಿಗೆ ತೋಟಗಾರನ ಹೆಂಡತಿ. ಭೂಮಿ ಬಾಯಿಬಿಡಬಾರದೇ ಅನ್ನಿಸಿ ಅಕ್ಕ ತಲೆ ತಗ್ಗಿಸಿದಳು.

ಆಕೆ ಒದ್ದೆ ಮುಖ ಒರೆಸಿಕೊಂಡು ಗಾಳಿಚೀಲಕ್ಕೆ ಕೈಹಾಕಿದಳು. “ಬಿಡಮ್ಮಾ, ಸ್ವಲ್ಪ ಕೈ ನೀವ್ಕೋ. ಮಷಿನ್ ತರೋ ತನಕ ನಾನು ಒತ್ತುತ್ತೀನಿ.”

“ಅಯ್ಯೋ, ಇಂಥಾ ಹೊತ್ತಲ್ಲಿ ನೀವಾ!” ಅಕ್ಕ ಚೀಲ ಬಿಟ್ಟುಕೊಟ್ಟಳು. “ತಪ್ಪಾಯ್ತಮ್ಮಾ. ಬೆಳಿಗ್ಗೆಯಿಂದ ನಾನು ನಿಮ್ಮ ಹಾಸಿಗೇನೇ ನೋಡ್ತಾ ಕೂತಿದ್ದೆ.”

ಆಕೆ ಒತ್ತುವುದನ್ನು ನಿಲ್ಲಿಸಲಿಲ್ಲ.

“ಗೊತ್ತು ಕಣಮ್ಮಾ. ಹೋದ ವಾರ ನಾನೂ ಹೀಗೇ ಒತ್ತುತ್ತಾ, ಅದೇ ಮೂಲೆ ನೋಡ್ತಾ ಕೂತಿದ್ದೆ.”