ಒಂದೂ ಬಿಟ್ಟಿಲ್ಲ

ಹೆಡ್‌ಸೆಟ್ಟನ್ನು ಯಾರು ಹಾಕಿಕೊಳ್ಳಬೇಕು ಎಂಬ ಬಗ್ಗೆ ಗಂಡ ಹೆಂಡತಿಯ ನಡುವೆ ಹೆಚ್ಚು ಮಾತೇ ನಡೆಯಲಿಲ್ಲ. ಗಂಡ ಕ್ರೇನ್ ಆಪರೇಟರ್. ಇಪ್ಪತ್ತೆರಡು ವರ್ಷದಿಂದ ಎತ್ತರದ ಗಾಜಿನ ಗೂಡಿನಲ್ಲಿ ಕೂತು ಕಬ್ಬಿಣ ಎತ್ತಿ ಇಳಿಸಿದವನು. ಐವತ್ತು ದಾಟಿದವರೆಲ್ಲ ಮನೆಯಲ್ಲೇ ಕಣ್ಣು ಪರೀಕ್ಷೆ ಮಾಡಿಕೊಳ್ಳಲಿ ಎಂದು ಕಂಪನಿ ಒಂದು ಡಬ್ಬಿ ಕಳಿಸಿತ್ತು. ಒಳಗೆ ಅರ್ಧ ಮುಖ ಮುಚ್ಚುವ ಕಪ್ಪು ವಿಆರ್ ಹೆಡ್‌ಸೆಟ್ಟು, ಕೈಯಲ್ಲಿ ಹಿಡಿದು ಒತ್ತಲು ಒಂದು ಗುಂಡಿ. ಫೇಲಾದವರು ಕ್ರೇನಿನಿಂದ ಇಳಿದು ಗೇಟಿನಲ್ಲಿ ಸೀಟಿ ಊದಬೇಕು. ಮೋಸ ಮಾಡಿ ಸಿಕ್ಕಿಬಿದ್ದವರು ಮನೆಗೆ. ಹೋದ ತಿಂಗಳು ಒಂದು ಸಂಜೆ ಅವನ ಕೊಕ್ಕೆ ಇಳಿಯಬೇಕಾದ ಜಾಗದಿಂದ ಒಂದು ಮೊಳ ಆಚೆ ಇಳಿದಿತ್ತು. ಯಾರಿಗೂ ಏನೂ ಆಗಲಿಲ್ಲ, ಯಾರೂ ನೋಡಲೂ ಇಲ್ಲ. ಆದರೆ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳದೆ ಇರುತ್ತಾನೆಯೇ?

"ನೀನೇ ಹಾಕ್ಕೊಂಡುಬಿಡು," ಅಂದ. "ನಿಂದು ಹದ್ದಿನ ಕಣ್ಣು."

ಅದು ಮಸ್ಕಾ ಹೊಡೆಯುವ ಮಾತಾಗಿರಲಿಲ್ಲ. ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಡತಿ ನಲವತ್ತೆಂಟಾದರೂ ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ತಮ್ಮ ಸೂಜಿ ತಂದು ಅವಳ ಕೈಯಲ್ಲಿ ದಾರ ಹಾಕಿಸಿಕೊಂಡು ಹೋಗುತ್ತಿದ್ದರು. ಅವಳಿಗೆ ಅದೊಂದು ಹೆಮ್ಮೆ, ಅವನಿಗೂ.

"ಮೋಸ ಅಲ್ವೇನ್ರಿ ಇದು?"

"ಏನು ಮೋಸ? ಒಂದೇ ಮನೆ ಕಣ್ಣು ತಾನೇ."

ಅವಳು ನಕ್ಕು ಹಾಕಿಕೊಂಡಳು. ನಡುವಿನ ಚುಕ್ಕೆಯನ್ನೇ ನೋಡುತ್ತಿರಿ, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಿ ಎಂದು ಒಳಗಿನ ದನಿ ಹೇಳಿತು. ಅವಳು ಹೊಲಿಗೆ ಯಂತ್ರದ ಮುಂದೆ ಕೂತಷ್ಟೇ ನೆಟ್ಟಗೆ ಕೂತು ಒತ್ತಿದಳು. ನಾಲ್ಕೈದು ಸಲ ಟಕಟಕ ಒತ್ತುವಳು, ಆಮೇಲೆ ಬಹಳ ಹೊತ್ತು ಸುಮ್ಮನೆ. ಗಂಡನಿಗೆ ಚಡಪಡಿಕೆ.

"ಯಾಕೆ ನಡುನಡುವೆ ನಿಲ್ಲಿಸ್ತೀಯ?"

"ಬೆಳಕು ಬಂದ್ರೆ ತಾನೇ ಒತ್ತೋದು? ಬಂದಿದ್ದೆಲ್ಲ ಒತ್ತಿದೀನಿ. ಒಂದೂ ಬಿಟ್ಟಿಲ್ಲ."

ಎಲ್ಲ ಮುಗಿದು ಹೆಡ್‌ಸೆಟ್ಟನ್ನು ತೆಗೆದು ಮೇಜಿನ ಮೇಲಿಡುವಾಗ ಅವಳ ಮೊಣಕೈ ತಗುಲಿ ಪಕ್ಕದಲ್ಲಿದ್ದ ನೀರಿನ ಲೋಟ ಉರುಳಿತು. ವಾರದಲ್ಲಿ ಅದು ಮೂರನೆಯದು. ಬೇರೆ ದಿನವಾಗಿದ್ದರೆ ಅವನು ರೇಗುತ್ತಿದ್ದ. ಅವತ್ತು ತಾನೇ ಬಟ್ಟೆ ತಂದು ಒರೆಸಿದ.

ಮೂರನೆಯ ದಿನ ಬೆಳಿಗ್ಗೆ ಫೋನ್ ಬಂತು. ಹೆಂಡತಿ ಹೊಲಿಯುತ್ತಿದ್ದಳು. ಅವನು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಕಂಪನಿಯ ಆಸ್ಪತ್ರೆಯಿಂದ ನರ್ಸ್ ಮಾತಾಡುತ್ತಿದ್ದಳು.

"ಸರ್, ನೀವು ಇವತ್ತು ಕ್ರೇನ್ ಹತ್ತಬೇಡಿ. ನೇರ ನೋಟ ಚೆನ್ನಾಗಿದೆ. ಆದ್ರೆ ಎರಡೂ ಕಣ್ಣಲ್ಲಿ ಪಕ್ಕದ ನೋಟ ಮುಕ್ಕಾಲು ಭಾಗ ಹೋಗಿದೆ."

ಅವನಿಗೆ ಮೊದಲು ಬಂದದ್ದು ಸಿಟ್ಟು. ಹಾಳು ಯಂತ್ರ. ಹದ್ದಿನ ಕಣ್ಣಿಗೇ ಹೀಗೆ ಹೇಳಿದರೆ ತನ್ನ ಕಣ್ಣಿಗೆ ಏನು ಹೇಳುತ್ತಿತ್ತೋ. "ಮಷೀನ್ ತಪ್ಪಾಗಿರಬೇಕು ಸಿಸ್ಟರ್," ಅಂದ. "ಸೂಜಿಗೆ ದಾರ ಹಾಕೋ ಕಣ್ಣು ಇದು."

"ಹಾಕಬಹುದು ಸರ್. ಈ ಕಾಯಿಲೆ ಸುತ್ತಲಿಂದ ತಿನ್ಕೊಂಡು ಬರುತ್ತೆ, ನಡುವೆ ಇರೋದು ಕೊನೇವರೆಗೂ ಕಾಣ್ತಾ ಇರುತ್ತೆ. ಅದಕ್ಕೇ ಯಾರಿಗೂ ಗೊತ್ತಾಗಲ್ಲ. ಪಕ್ಕದ ವಸ್ತು ತಗುಲಿ ಬೀಳ್ಸೋದು, ಬಾಗಿಲಿಗೆ ಭುಜ ಹೊಡ್ಕೊಳ್ಳೋದು, ಹಾಗೇನಾದ್ರೂ ಇದೆಯಾ?"

ಅವನು ತಿರುಗಿ ಒಳಗೆ ನೋಡಿದ. ಗಾಜಿನಾಚೆ ಹೆಂಡತಿಯ ಬೆನ್ನು ಕಾಣುತ್ತಿತ್ತು. ರವಿಕೆಯ ತೋಳಿನ ಕೆಳಗೆ ಬಾಗಿಲು ತಗುಲಿದ ಒಂದು ಹಳೆಯ ಕಂದು ಕಲೆ, ಅದರ ಪಕ್ಕ ಒಂದು ಹೊಸದು. ನೋಡ್ಕೊಂಡು ಓಡಾಡು ಎಂದು ಅವನೇ ಎಷ್ಟು ಸಲ ಬೈದಿದ್ದ.

"ಮನೇಲಿ ಯಾರಾದ್ರೂ ಇದ್ರೆ ನಿಮ್ಮ ಪಕ್ಕ ನಿಂತು ಬೆರಳು ಆಡಿಸೋಕೆ ಹೇಳಿ ಸರ್. ಕಿವಿ ಹತ್ರದಿಂದ ನಿಧಾನಕ್ಕೆ ಮುಂದಕ್ಕೆ ತರಲಿ. ನೀವು ನೇರ ನೋಡ್ತಾ ಇರಿ. ಬೆರಳು ಕಾಣಿಸಿದ ಕೂಡ್ಲೆ ಹೇಳಿ, ನಾನು ಲೈನಲ್ಲೇ ಇರ್ತೀನಿ."

ಅವನು ಬರಿಗಾಲಲ್ಲಿ ಒಳಗೆ ಬಂದ. ಹೊರಗೆ ಯಾರೋ ಗೋಡೆ ಕೊರೆಯುತ್ತಿದ್ದರು, ಹೆಜ್ಜೆ ಕೇಳುವಂತಿರಲಿಲ್ಲ. ದಾರ ಕಡಿದುಹೋಗಿ ಹೆಂಡತಿ ಯಂತ್ರ ನಿಲ್ಲಿಸಿ, ಸೂಜಿಯ ಕಡೆ ಬಗ್ಗಿದ್ದಳು. ಅವನು ಅವಳ ಎಡಕ್ಕೆ ನಿಂತು ಕಿವಿಯ ಬಳಿ ಬೆರಳು ಆಡಿಸಿದ. ಮುಂದಕ್ಕೆ ತಂದ. ಬೆರಳು ಕೆನ್ನೆ ದಾಟಿತು, ಕಣ್ಣಿನ ತುದಿ ದಾಟಿತು. ಕಂಡಿತು ಅನ್ನು, ಬೈಯಾದರೂ ಬೈ ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ಕೊರೆಯುವ ಸದ್ದು ನಿಂತಿತು. ದಾರ ಒಂದೇ ಸಲಕ್ಕೆ ಸೂಜಿಯ ಕಣ್ಣು ಹೊಕ್ಕಿತು.

"ಬೆರಳು ಕಾಣ್ತಾ ಸರ್?" ಫೋನಿನಲ್ಲಿ ನರ್ಸ್ ಕೇಳಿದಳು.

ಪಾರಾಗುವ ದಾರಿ ಅವನಿಗೆ ತೆರೆದೇ ಇತ್ತು. ಕಾಣ್ತಾ ಇದೆ ಸಿಸ್ಟರ್, ಮಷೀನೇ ಕೆಟ್ಟಿದೆ ಅಂದರೆ ಸಾಕಿತ್ತು. ಆದರೆ ಆ ಕ್ಷಣ ಸುಳ್ಳು ಹೇಳಬೇಕೆಂಬುದೇ ಅವನಿಗೆ ನೆನಪಾಗಲಿಲ್ಲ.

ಅಷ್ಟರಲ್ಲಿ ಹೆಂಡತಿ ಮುಖವೆತ್ತಿ, ಬಾಲ್ಕನಿಯಲ್ಲಿರುವವನಿಗೆ ಕೇಳಿಸಲೆಂದು ಜೋರಾಗಿ ಕೂಗಿದಳು:

"ರೀ, ಯಾರ ಫೋನು? ಪಾಸಾದ್ವಾ?"

ಅವನ ಬೆರಳು ಇನ್ನೂ ಅವಳ ಮುಖದ ಪಕ್ಕದಲ್ಲೇ ಇತ್ತು.

"ಇಲ್ಲ ಸಿಸ್ಟರ್," ಅಂದ ಅವನು, "ನನ್ನ ಹೆಂಡತಿಗೆ ಕಾಣ್ತಾ ಇಲ್ಲ."