ಹುಳುಮನೆಯ ಹೊಸ್ತಿಲು

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಂದರೆ ನನಗೆ ಇಂದಿಗೂ ಚನ್ನಪಟ್ಟಣದ ಹತ್ತಿರದ ನಮ್ಮೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅದು ಮಹಾರಾಜರ ಕಾಲ. ಶಾಲೆ ತಪ್ಪಿಸಿದವರನ್ನು ಕೈಕಾಲು ಹಿಡಿದು ಹೊತ್ತೊಯ್ಯುವುದು ರೂಢಿ. ಶಾಲೆಗೆ ಹೋಗಲೊಲ್ಲದ ನಾನು ರೇಷ್ಮೆಹುಳು ಸಾಕುವ ಕೋಣೆಯಲ್ಲಿ ಹುಳು ಮೇಯುವ ದೊಡ್ಡ ಬಿದಿರು ತಟ್ಟೆಗಳ ಹಿಂದೆ ಅವಿತಿದ್ದೆ. ಮೇಷ್ಟ್ರು ಇಬ್ಬರು ದೊಡ್ಡ ಹುಡುಗರೊಂದಿಗೆ ಬಾಗಿಲಿಗೇ ಬಂದರು. ಅಜ್ಜಿ ಅಡ್ಡ ನಿಂತಳು.

“ಹುಳ ಪೊರೆ ಬುಡೋ ಹೊತ್ತು ಸ್ವಾಮಿ. ಹೊರಗಿನೋರು ಒಳಕ್ಕೆ ಕಾಲಿಡಂಗಿಲ್ಲ.”

“ಹುಳದ ಜೊತೆ ಇವನೂ ಸೊಪ್ಪು ಮೇಯ್ಕೊಂಡಿರ್ಲಿ ಅಂತೀಯೇನಮ್ಮ?”

ಹುಡುಗರು ಕಿಸಕ್ಕೆಂದರು.

“ನೀವು ಹೊಸ್ಲಾಚೆ ಕುಂತು ಹೇಳ್ಕೊಡಿ. ಇವ್ನು ಈಚೆ ಕುಂತು ಕಲೀತಾನೆ.”

ಮೇಷ್ಟ್ರ ಬೆತ್ತ ಮೇಲೆದ್ದಿತು. ಅಜ್ಜಿ ಕದಲಲಿಲ್ಲ. ಕೊನೆಗೆ ಮೇಷ್ಟ್ರೇ ಕುಳಿತು, ಹೊಸ್ತಿಲಾಚೆಯ ಮಣ್ಣಿನಲ್ಲಿ ಬೆತ್ತದ ತುದಿಯಿಂದ ‘ಅ’ ಬರೆದರು.

“ತಿದ್ದೋ!”

ಹುಳುಗಳಿಗೆ ರೋಗ ತಟ್ಟದಿರಲೆಂದು ಒಳಗಿನ ನೆಲಕ್ಕೆ ಚೆಲ್ಲಿದ್ದ ಸುಣ್ಣದ ಪುಡಿಯ ಮೇಲೆ ನಾನು ಬೆರಳಿಟ್ಟೆ. ಪಕ್ಕದಲ್ಲಿ, ಸೊಪ್ಪಿನ ಕಲೆ ಹಿಡಿದ ಅಜ್ಜಿಯ ಬೆರಳು ಆಗಲೇ ಅರ್ಧ ಅಕ್ಷರ ಬರೆದಿತ್ತು.

ಮೇಷ್ಟ್ರು ಅದನ್ನು ನೋಡಿದರು. ಬೆತ್ತ ಕೆಳಗಿಟ್ಟು, ‘ಆ’ ಅಕ್ಷರವನ್ನು ಬೆರಳಿನಿಂದಲೇ ನಿಧಾನವಾಗಿ, ಅವಳಿಗೆ ಕಾಣುವಷ್ಟು ದೊಡ್ಡದಾಗಿ ಬರೆದರು.