ರಂಭೆಯ ಚಿಲಕ

ಮೃಗಾಲಯದ ಚಿಂಪಾಂಜಿ ರಂಭೆ ಕಡ್ಡಿ ತೂರಿಸಿ ಬೋನಿನ ಚಿಲಕ ಸರಿಸಿದ್ದನ್ನು ಕಂಡದ್ದೇ ತಡ, ಕಾವಲುಗಾರ ಚೆನ್ನಿಗಯ್ಯ ಎದ್ದೆನೋ ಬಿದ್ದೆನೋ ಎಂದು ಪಕ್ಕದ ಮೇವಿನ ಕೋಣೆಗೆ ಓಡಿದ. ಬಾಗಿಲಿಗೆ ಒಳಚಿಲಕವಿರಲಿಲ್ಲ. ಬೆನ್ನು ಒತ್ತಿ ನಿಂತು, ಮೃಗಾಲಯದ ಡಾಕ್ಟರಿಗೆ ಫೋನ್ ಮಾಡಿದ.

“ಸಾ, ರಂಭೆ ಆಚೆ ಬಂದ್ಬುಟ್ಟವ್ಳೆ!”

“ಚಿಲಕ ತೆಗೆಯೋದನ್ನ ಯಾರ್ರೀ ಕಲಿಸಿದ್ದು?”

“ಯಾರೂ ಕಲಿಸ್ಲಿಲ್ಲ ಸಾ. ಸಂಜೆ ನಾನು ಚಿಲಕ ಹಾಕಿ, ಎಳ್ದು ನೋಡಿ, ಹಣ್ಣು ಕೊಟ್ಟು ಹೋಗೋದನ್ನ ಕಣ್ಣು ಮಿಟುಕಿಸ್ದೆ ನೋಡ್ತಿದ್ಲು.”

“ಈಗೆಲ್ಲಿದ್ದಾಳೆ?”

“ಬಾಗ್ಲತ್ರಾನೇ ಅವ್ಳೆ ಸಾ! ಉಸಿರು ಕೇಳಿಸ್ತಾ ಅದೆ!”



ಹೊರಗಿನ ಚಿಲಕ ಸರಕ್ಕನೆ ಬಿತ್ತು. ಬಾಗಿಲನ್ನು ಎಳೆದು ನೋಡಿದ ಸದ್ದಾಯಿತು. ಆಮೇಲೆ ಕಿಟಕಿಯ ಸರಳುಗಳ ನಡುವಿನಿಂದ, ಅವನೇ ಕೊಟ್ಟಿದ್ದ ಬಾಳೆಹಣ್ಣು ಒಳಗೆ ಬಂತು.